ಕ್ಲಾಕ್ ಸೆಟ್ ಮಾಡೋಕೆ ಕ್ಯೂಬ್‌ಎಂಎಕ್ಸಾ, ಕೈಬರಹವಾ?

ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಮಣ್ಣಿನ ತೇವ ಅಳೆಯುವ ಡಬ್ಬಿಯೊಂದನ್ನು ಮಾಡುತ್ತಿದ್ದೆ. ಒಳಗಿರುವುದು ಬ್ಲೂ ಪಿಲ್, ಅಂದರೆ ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ಚಿಪ್ ಇರುವ ಪುಟ್ಟ ಬೋರ್ಡು. ಹೊರಗೆ ಕಾಲಿಡಲು ಬಿಡದ ಮಳೆ. ಸುಮ್ನೆ ಕೂರುವ ಬದಲು ಆ ಚಿಪ್ಪಿನ ಕ್ಲಾಕ್, ಅಂದರೆ ಅದು ಕೆಲಸ ಮಾಡುವ ತಾಳ, ಸೆಟ್ ಮಾಡುವ ಒಂದೇ ಕೆಲಸವನ್ನು ಎರಡು ಥರ ಮಾಡಿ ನೋಡಿದೆ.

ಮೊದಲು ಕ್ಯೂಬ್‌ಎಂಎಕ್ಸ್, ಅಂದರೆ ಚಿತ್ರದಲ್ಲಿ ಆರಿಸಿದರೆ ಕೋಡ್ ತಾನೇ ಬರೆದುಕೊಡುವ ಸಾಫ್ಟ್‌ವೇರ್. ಕ್ಲಾಕ್ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅನ್ನುವುದು ಪೂರ್ತಿ ಚಿತ್ರದಲ್ಲೇ ಕಾಣುತ್ತದೆ. 8 ಮೆಗಾಹರ್ಟ್ಸ್ ಕ್ರಿಸ್ಟಲ್, ಕ್ಲಾಕನ್ನು ಹೆಚ್ಚಿಸುವ ಪಿಎಲ್‌ಎಲ್‌ನಲ್ಲಿ 9 ಪಟ್ಟು, 72. ಚಿಪ್ಪಿನ ಬಿಡಿಭಾಗಗಳು ಎಪಿಬಿ1, ಎಪಿಬಿ2 ಅನ್ನುವ ಎರಡು ಬಸ್ಸುಗಳಲ್ಲಿ (ಒಳಗಿನ ದಾರಿಗಳಲ್ಲಿ) ಕೂತಿವೆ; ಎಪಿಬಿ1 ಬಸ್ 36 ದಾಟಿದರೆ ಚೌಕ ಕೆಂಪಾಗುತ್ತದೆ. ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿಗೆ 14 ಮಿತಿ, ಹಾಗಾಗಿ 72ನ್ನು 6ರಿಂದ ಭಾಗಿಸಿ 12. ಅರ್ಧ ಗಂಟೆಯಲ್ಲಿ ಮುಗಿಯಿತು. ಆದರೆ ಅದು ಕೊಟ್ಟ ಫೈಲುಗಳ ರಾಶಿ ನೋಡಿದರೆ ಒಂದು ಲೋಟ ಕಾಫಿಗೆ ಬಚ್ಚಲ ಹಂಡೆ ಕಾಯಿಸಿದ ಹಾಗಿತ್ತು.

ಆಮೇಲೆ ನಾನೇ ಕೋಡ್ ಬರೆದು, ಕ್ಲಾಕ್ ನಿಯಂತ್ರಿಸುವ ಆರ್‌ಸಿಸಿ ರಿಜಿಸ್ಟರ್‌ಗಳಿಗೆ ನೇರ ಕೈ ಹಾಕಿದೆ. ಇಪ್ಪತ್ತು ಸಾಲಿನ ಕೆಲಸ, ಆದರೆ ಕಾಟ ಜಾಸ್ತಿ. ಪೋರ್ಟಿನ (ಪಿನ್ನುಗಳ ಗುಂಪಿನ) ಕ್ಲಾಕ್ ಬಿಟ್ ಹಾಕಲು ಮರೆತರೆ ಯಾವ ಎರರೂ ಬರಲ್ಲ, ಬರೆದದ್ದು ಎಲ್ಲಿಗೂ ತಲುಪಲ್ಲ, ಅಷ್ಟೇ. 72ಕ್ಕೆ ಏರಿಸುವ ಮೊದಲು ಕೋಡ್ ಇರುವ ಫ್ಲಾಶ್ ಮೆಮೊರಿಗೆ 2 ವೇಟ್ ಸ್ಟೇಟ್ (ಓದುವಾಗ ಕಾಯುವ ಬಿಡುವು) ಕೊಡದಿದ್ದರೆ ಬೋರ್ಡು ಕಲ್ಲಿನ ಹಾಗೆ ಕೂರುತ್ತದೆ. ನನ್ನ ಸಂಜೆ ತಿಂದದ್ದು ಮಾತ್ರ ಕಂಪ್ಯೂಟರಿಗೆ ಅಕ್ಷರ ಕಳಿಸುವ ಸೀರಿಯಲ್ ಪೋರ್ಟ್, ಯುಸಾರ್ಟ್2. 9600 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗಕ್ಕೆ 72ರ ಲೆಕ್ಕ ಹಿಡಿದು, ಕ್ಲಾಕನ್ನು ಎಷ್ಟರಿಂದ ಭಾಗಿಸಬೇಕು ಅಂತ ಹೇಳುವ ಬಿಆರ್‌ಆರ್ ರಿಜಿಸ್ಟರ್‌ನಲ್ಲಿ 7500 ಬರೆದೆ, ಸ್ಕ್ರೀನ್ ತುಂಬಾ ಕಸ. ವೈರ್ ಬದಲಿಸಿದೆ, ಪಿನ್ನಿಗೆ ತೇವ ಹಿಡಿದಿರಬೇಕು ಅಂತ ಹೇರ್ ಡ್ರೈಯರ್ ಕೂಡ ಹಿಡಿದೆ, ನಡುವೆ ಕರೆಂಟೂ ಹೋಯಿತು. ಕತ್ತಲಲ್ಲಿ ಕೂತಾಗ ಹೊಳೆಯಿತು: ಯುಸಾರ್ಟ್1 ಇರುವುದು ಎಪಿಬಿ2ರಲ್ಲಿ, ಅದಕ್ಕೆ 72. ಯುಸಾರ್ಟ್2 ಇರುವುದು ಎಪಿಬಿ1ರಲ್ಲಿ, ಅದಕ್ಕೆ 36 ಮಾತ್ರ. ಅದು ಇಷ್ಟೊತ್ತು 4800ರಲ್ಲಿ ಮಾತಾಡುತ್ತಿತ್ತು! 3750 ಹಾಕಿದೆ, ಸರಿಹೋಯಿತು. ತಮಾಷೆ ಅಂದರೆ ಅದೇ ಎಪಿಬಿ1ರಲ್ಲಿರುವ ಟೈಮರ್2ಗೆ 72 ಸಿಗುತ್ತದೆ, ಬಸ್ಸನ್ನು ಭಾಗಿಸಿದಾಗ ಟೈಮರ್‌ಗೆ ಎರಡು ಪಟ್ಟು ಕೊಡುತ್ತಾರೆ. ಇದೆಲ್ಲ ಕ್ಯೂಬ್‌ಎಂಎಕ್ಸ್ ಚಿತ್ರದಲ್ಲೇ ಇತ್ತು, ನೋಡುವ ವ್ಯವಧಾನ ನನಗಿರಲಿಲ್ಲ ಅಲ್ವಾ.

ಯುಎಸ್‌ಬಿ ಬೇಕಿದ್ದರೆ ನಾನು ಕ್ಯೂಬ್‌ಎಂಎಕ್ಸ್‌ಗೇ ಹೋಗುತ್ತೇನೆ. ಅದಕ್ಕೆ ಕರಾರುವಾಕ್ಕಾದ 48 ಬೇಕು, ಕ್ರಿಸ್ಟಲ್ ಇಲ್ಲದೆ ನಡೆಯಲ್ಲ. ತೋಟದ ಡಬ್ಬಿಗೆ ಕೊನೆಗೆ ಉಳಿಸಿಕೊಂಡದ್ದು ಕೈಬರಹ, ಅದೂ ಪಿಎಲ್‌ಎಲ್ ಕಿತ್ತುಹಾಕಿ. ಹತ್ತು ನಿಮಿಷಕ್ಕೊಮ್ಮೆ ತೇವ ಓದಲು 72 ಯಾಕೆ? ರೀಸೆಟ್ ಆದಾಗ ತಾನಾಗಿ ಓಡುವ, ಚಿಪ್ಪಿನ ಒಳಗಿನ 8 ಮೆಗಾಹರ್ಟ್ಸ್ ಕ್ಲಾಕೇ ಸಾಕು. ಈಗ ಎರಡೂ ಬಸ್ಸಿಗೆ 8, ಬಿಆರ್‌ಆರ್‌ಗೆ 833.