‘ಹಳ್ಳಿ ದರ್ಶನ’ಕ್ಕೆ ಹಣ ಕಟ್ಟುವ ಮುನ್ನ, ನೀವು ಬರುವುದು ಆ ಮನೆಯವರಿಗೆ ಗೊತ್ತಿದೆಯೇ ಎಂದು ಕೇಳಿ

ಮಂಗಳೂರಿನಿಂದ ಹೊರಡುವ ಒಂದು ದಿನದ ‘ಗುಡ್ಡದ ಹಳ್ಳಿಗಳ ದರ್ಶನ’ಕ್ಕೆ ಹಣ ಕಟ್ಟಲು ಹೊರಟವರು ದಯವಿಟ್ಟು ಇದನ್ನು ಓದಿ. ಕಳೆದ ಜನವರಿಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ತಲೆಗೆ 2,200 ರೂಪಾಯಿ. ಬಂಟ್ವಾಳ ತಾಲ್ಲೂಕಿನಲ್ಲಿ ವಿಟ್ಲದಿಂದಾಚೆಯ ಹಳೆಯ ಮನೆಗಳು, ಅಡಿಕೆ ತೋಟ, ನೀರಿನ ಸುರಂಗ, ಮನೆಯೂಟ, ಜೊತೆಗೆ ಊರನ್ನು ಬಲ್ಲ ಮಾರ್ಗದರ್ಶಿ ಎಂದು ಜಾಹೀರಾತಿನಲ್ಲಿತ್ತು. ಅಮ್ಮನ ತವರಿನಲ್ಲಿಯೂ ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆದ ಇಂಥ ಸುರಂಗವಿತ್ತು. ಆ ಮನೆ ಮಾರಿ ಮೂವತ್ತು ವರ್ಷವಾಯಿತು. ಸುರಂಗದ ನೀರನ್ನು ಇನ್ನೊಮ್ಮೆ ಕುಡಿಯಬೇಕೆಂದು ಅಮ್ಮನಿಗೆ ಆಸೆ.

ಏಳಕ್ಕೆ ಎಂದವರು ಮಂಗಳೂರಿನ ಪಂಪ್‌ವೆಲ್ ವೃತ್ತ ಬಿಟ್ಟದ್ದು ಎಂಟೂ ಮುಕ್ಕಾಲಿಗೆ. ವ್ಯಾನಿಗೆ ಬಿಳಿ ನಂಬರ್ ಪ್ಲೇಟು. ಬಾಡಿಗೆಗೆ ಓಡುವ ವಾಹನಕ್ಕೆ ಹಳದಿ ಪ್ಲೇಟು ಇರಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆಗೂ ತಕರಾರು ಬರುತ್ತದೆ. ನಾವು ಅಲ್ಲೇ ಇಳಿದುಬಿಡಬೇಕಿತ್ತು. ದಾರಿಯಲ್ಲಿ ಗೋಡಂಬಿ ಅಂಗಡಿಯ ಮುಂದೆ ಮುಕ್ಕಾಲು ಗಂಟೆ ನಿಲ್ಲಿಸಿದ್ದನ್ನು ಬೇಕಾದರೆ ಮರೆಯುತ್ತೇನೆ. ಮುಂದಿನದ್ದನ್ನು ಮರೆಯಲಾರೆ.

ಗುಡ್ಡದ ಬುಡದ ಒಂದು ಮನೆಯ ಅಂಗಳಕ್ಕೆ ಹನ್ನೊಂದು ಜನ ನೇರವಾಗಿ ನುಗ್ಗಿದೆವು. ಅಂಗಳದ ತುಂಬ ಅಡಿಕೆ ಒಣಹಾಕಿದ್ದರು. ಹಣ್ಣಡಿಕೆ ಸರಿಯಾಗಿ ಒಣಗಲು ಒಂದೂವರೆ ತಿಂಗಳ ಬಿಸಿಲು ಬೇಕು, ಒಂದು ವರ್ಷದ ಬದುಕೇ ಹಾಗೆ ಅಂಗಳದಲ್ಲಿ ಬಿದ್ದಿರುತ್ತದೆ. ಒಬ್ಬರು ಚಪ್ಪಲಿ ಕಾಲಿನಲ್ಲಿ ಅದರ ಮೇಲೆಯೇ ನಡೆದರು. ಇನ್ನೊಬ್ಬರು ಬೊಗಸೆ ತುಂಬ ಎತ್ತಿ ಮೇಲಕ್ಕೆ ತೂರಿ ವೀಡಿಯೊ ಮಾಡಿಸಿಕೊಂಡರು. ಮಾರ್ಗದರ್ಶಿ ಸುಮ್ಮನಿದ್ದ.

ಮನೆಯ ಹಿಂದಿನ ಸುರಂಗವನ್ನು ತೋರಿಸಿ ಅವನು ‘ರಾಜರ ಕಾಲದ ಗುಪ್ತ ಮಾರ್ಗ’ ಎಂದ. ಅಮ್ಮನಿಗೆ ತಡೆಯಲಾಗಲಿಲ್ಲ. ಒಬ್ಬನೇ ಆಳು ಪಿಕ್ಕಾಸು ಹಿಡಿದು, ಬಗ್ಗಿಕೊಂಡು, ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆಯುತ್ತಾ ಹೋಗಿ ಒಸರು ಹುಡುಕುವುದು, ಪಂಪು ವಿದ್ಯುತ್ತು ಏನೂ ಇಲ್ಲದೆ ನೀರು ತಾನಾಗಿ ಹರಿದು ಬರುವುದು ಎಂದು ವಿವರಿಸಿದರು. ಇದೇ ಸೀಮೆಯ ಅಡ್ಯನಡ್ಕ ಬಳಿ ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ತೋಡಿ, ಹಲವು ಬಾರಿ ನೀರು ಸಿಗದಿದ್ದರೂ ಬಿಡದೆ ತೋಟ ಎಬ್ಬಿಸಿದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂತು. ಮಾರ್ಗದರ್ಶಿ ಅವರ ಹೆಸರನ್ನೇ ಕೇಳಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಈ ಬರಹ ಬೇಕಿರಲಿಲ್ಲ. ಅವನು ಮೂವರು ಮಕ್ಕಳ ಕೈಗೆ ಮೊಬೈಲ್ ಬೆಳಕು ಕೊಟ್ಟು ‘ಕೊನೆಯವರೆಗೆ ಹೋಗಿ ಬನ್ನಿ’ ಎಂದು ಒಳಗೆ ಕಳುಹಿಸಿದ. ಉದ್ದದ ಸುರಂಗದಲ್ಲಿ ಒಳಗೆ ಹೋದಂತೆ ಗಾಳಿ ಕಡಿಮೆಯಾಗುತ್ತದೆ. ತೋಡುವವರೇ ದೀಪ ಹಿಡಿದು ಹೋಗುತ್ತಾರೆ, ದೀಪ ಮಂಕಾದರೆ ತಿರುಗಿ ಬರುತ್ತಾರೆ. ಮಣ್ಣು ಸಡಿಲವಿದ್ದ ಕಡೆ ಕುಸಿಯುವ ಭಯ ಬೇರೆ. ಕೊಟ್ಟಿಗೆಯಿಂದ ಓಡಿ ಬಂದ ಮನೆಯ ಯಜಮಾನರು ಕೂಗಿ ಕೂಗಿ ಮಕ್ಕಳನ್ನು ಹೊರಗೆ ಕರೆದರು. ಅವರ ಕೈ ನಡುಗುತ್ತಿತ್ತು.

‘ನೀವು ಬರುವುದನ್ನು ನಮಗೆ ಯಾರೂ ಹೇಳಲೇ ಇಲ್ಲವಲ್ಲ’ ಎಂದರು.

ಹಿಂದೊಮ್ಮೆ ಯಾರೋ ದಾರಿ ಕೇಳಲು ಬಂದವರು ಫೋಟೊ ತೆಗೆದುಕೊಂಡು ಹೋಗಿದ್ದರಂತೆ. ಜಾಹೀರಾತಿನ ಫೋಟೊದಲ್ಲಿ ನಾನು ಕಂಡದ್ದು ಇದೇ ಮನೆಯ ಚಾವಡಿ, ಅಂದರೆ ಮುಂಭಾಗದ ಜಗಲಿ. ಇಷ್ಟಾದರೂ ಅವರ ಹೆಂಡತಿ ಹನ್ನೊಂದು ಜನರಿಗೂ ಬೆಲ್ಲ, ನೀರು ತಂದಿಟ್ಟರು. ಸುರಂಗದ್ದೇ ನೀರು. ಅಮ್ಮ ಚೆಂಬನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ಹಾಗೆಯೇ ನಿಂತರು, ಕುಡಿಯಲಿಲ್ಲ. ನಾನು ತಲೆಯೆತ್ತಿ ಆ ತಾಯಿಯ ಮುಖ ನೋಡಲಾಗಲಿಲ್ಲ.

‘ಮನೆಯೂಟ’ ಸಿಕ್ಕಿದ್ದು ಹೆದ್ದಾರಿಯ ಹೋಟೆಲಿನಲ್ಲಿ, ಮಧ್ಯಾಹ್ನ ಮೂರಕ್ಕೆ.

ಇಂಥ ಪ್ರವಾಸಕ್ಕೆ ಹೋಗುವುದೇ ಆದರೆ, ಹೋಗಲಿರುವ ಮನೆಯವರ ಜೊತೆ ಫೋನಿನಲ್ಲಿ ಒಂದು ಮಾತಾಡಿಸಿ ಎಂದು ಕೇಳಿ. ತಡವರಿಸಿದರೆ ಅಲ್ಲಿಗೇ ಬಿಡಿ. ನೀವು ಕೊಡುವ ಹಣದಲ್ಲಿ ಆ ಮನೆಗೆ ಎಷ್ಟು ಸೇರುತ್ತದೆ ಎಂದೂ ಕೇಳಿ. ಮುಂಗಡವನ್ನು ಯಾರದೋ ಸ್ವಂತ ಖಾತೆಗೆ ಹಾಕಬೇಡಿ. ನಾನು ಹಾಕಿದ್ದೆ, ರಸೀದಿಯೂ ಬರಲಿಲ್ಲ. ಮಕ್ಕಳನ್ನು ಸುರಂಗದ ಬಾಯಿಯಿಂದ ಒಳಗೆ ಮಾತ್ರ ಯಾರು ಹೇಳಿದರೂ ಬಿಡಬೇಡಿ.

ಹಣ ವಾಪಸು ಕೇಳಿದೆ, ಉತ್ತರವಿಲ್ಲ. ಆ ಫೋಟೊವನ್ನಾದರೂ ತೆಗೆಯಿರಿ ಎಂದು ನಾಲ್ಕು ಸಲ ಬರೆದೆ. ನಿನ್ನೆ ನೋಡಿದಾಗಲೂ ಜಾಹೀರಾತಿನ ಮೇಲ್ಭಾಗದಲ್ಲಿ ಅದೇ ಚಾವಡಿ, ಅಂಗಳದಲ್ಲಿ ಅದೇ ಅಡಿಕೆ.