ಕಪ್ಪಿನಿಂದ ಗ್ರಾಮಿಗೆ: ಒಂದು ಅಡುಗೆಮನೆ ತಕ್ಕಡಿ ಮತ್ತು ಅದರ ಜೊತೆ ಬಂದ ಪಟ್ಟಿ

5 ಕಿಲೋವರೆಗೆ ತೂಗುವ, 1 ಗ್ರಾಂ ವ್ಯತ್ಯಾಸವನ್ನು ತೋರಿಸುವ ಈ ಡಿಜಿಟಲ್ ತಕ್ಕಡಿಯನ್ನು ನಾನು ಬಳಸಲಾರಂಭಿಸಿ 8 ತಿಂಗಳಾಗಿವೆ. ತೂಗುವ ಕೆಲಸದ ಮಟ್ಟಿಗೆ ಅದರ ಮೇಲೆ ದೊಡ್ಡ ದೂರೇನೂ ಇಲ್ಲ. ಆದರೆ ಪೆಟ್ಟಿಗೆಯೊಳಗೆ ಮಡಚಿಟ್ಟಿದ್ದ, ಕಪ್ ಅಳತೆಯನ್ನು ಗ್ರಾಮಿಗೆ ಬದಲಿಸುವ ಪಟ್ಟಿಯನ್ನು ನಂಬಿ ಮಾಡಿದ ಮೊದಲ ಎರಡು ಕೇಕುಗಳು ಒಣಗಿ ಬಿರಿದವು. ಆದ್ದರಿಂದ ತಕ್ಕಡಿಯನ್ನೂ ಪಟ್ಟಿಯನ್ನೂ ಬೇರೆಬೇರೆಯಾಗಿ ನೋಡುವುದೇ ನ್ಯಾಯ.

ಪಟ್ಟಿಯಲ್ಲಿ 1 ಕಪ್ ಮೈದಾಕ್ಕೆ 150 ಗ್ರಾಂ ಎಂದಿದೆ. ಯಾವ ಕಪ್, ಅದನ್ನು ತುಂಬಿದ್ದು ಹೇಗೆ ಎಂಬುದರ ಸುಳಿವಿಲ್ಲ. ಅಮೆರಿಕದ ಕಪ್ ಸುಮಾರು 237 ಮಿ.ಲೀ., ಮೆಟ್ರಿಕ್ ಕಪ್ 250 ಮಿ.ಲೀ., ಜಪಾನಿನದು 200 ಮಿ.ಲೀ. ಇದಕ್ಕಿಂತಲೂ ದೊಡ್ಡ ತೊಡಕು ತುಂಬುವ ರೀತಿಯದು. ಮೈದಾವನ್ನು ಚಮಚದಿಂದ ಹಗುರವಾಗಿ ಹಾಕಿ ಮೇಲ್ಭಾಗವನ್ನು ಸವರಿದರೆ ಅಮೆರಿಕದ ಒಂದು ಕಪ್ಪಿಗೆ 120ರಿಂದ 125 ಗ್ರಾಂ ಬರುತ್ತದೆ. ಅದೇ ಕಪ್ಪನ್ನು ಡಬ್ಬಿಯೊಳಗೆ ಅದ್ದಿ ಎತ್ತಿದರೆ ಹಿಟ್ಟು ಒತ್ತಿಕೊಂಡು 140, ಕೆಲವೊಮ್ಮೆ 150 ಗ್ರಾಂ ದಾಟುತ್ತದೆ. ಪಾಕವಿಧಾನ ಬರೆದವರು ಮೊದಲನೆಯ ಕ್ರಮ ಅನುಸರಿಸಿದ್ದು, ನಾನು ಪಟ್ಟಿಯ ಅಂಕಿಯನ್ನು ಅನುಸರಿಸಿದರೆ, 3 ಕಪ್ಪಿನ ಕೇಕಿನಲ್ಲಿ ಮುಕ್ಕಾಲು ಕಪ್ಪಿನಷ್ಟು ಮೈದಾ ಹೆಚ್ಚಾಗಿಬಿಡುತ್ತದೆ. ನನ್ನ ಕೇಕುಗಳಿಗೆ ಆದದ್ದೂ ಇದೇ.

ಸಕ್ಕರೆಗೆ 200 ಗ್ರಾಂ, ಬೆಣ್ಣೆಗೆ 227 ಗ್ರಾಂ ಎಂಬ ಅಂಕಿಗಳಲ್ಲಿ ತಪ್ಪು ಕಾಣಲಿಲ್ಲ, ಏಕೆಂದರೆ ಹರಳು ಸಕ್ಕರೆ ಒತ್ತಿದರೂ ಹೆಚ್ಚು ಕುಗ್ಗುವುದಿಲ್ಲ. ಕೋಕೋ ಪುಡಿ ಮತ್ತು ಪುಡಿ ಸಕ್ಕರೆಯ ವಿಷಯದಲ್ಲಿ ಮಾತ್ರ ಜರಡಿ ಹಿಡಿಯುವ ಮೊದಲೋ ನಂತರವೋ ಎಂಬುದನ್ನು ಹೇಳದ ಅಂಕಿ ಇದ್ದೂ ಇಲ್ಲದಂತೆ.

ಇನ್ನು ತಕ್ಕಡಿ. ಪಾತ್ರೆಯ ತೂಕವನ್ನು ಸೊನ್ನೆ ಮಾಡುವ ಗುಂಡಿಯೇ ಇದರ ಜೀವಾಳ. ಒಂದೇ ಪಾತ್ರೆಗೆ ಒಂದಾದ ಮೇಲೊಂದು ಪದಾರ್ಥ ಹಾಕುತ್ತ ಹೋಗಬಹುದು. ಜೇನುತುಪ್ಪದ ಶೀಸೆಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿದರೆ, ತೆಗೆದಷ್ಟೂ ಋಣ ಸಂಖ್ಯೆಯಾಗಿ ಕಾಣುತ್ತದೆ, ಕಪ್ಪಿನ ಗೋಡೆಗೆ ಅಂಟಿ ಪೋಲಾಗುವ ಪ್ರಶ್ನೆಯೇ ಇಲ್ಲ. ಮಿಲಿಲೀಟರ್ ಗುಂಡಿಯನ್ನು ಮಾತ್ರ ನಾನು ಈಗ ಮುಟ್ಟುವುದಿಲ್ಲ. ತಕ್ಕಡಿ ಅಳೆಯುವುದು ತೂಕವನ್ನೇ. ದ್ರವವೆಲ್ಲ ನೀರೆಂದು ಭಾವಿಸಿ ಅದು ಅಂಕಿ ತೋರಿಸುತ್ತದೆ. 100 ಮಿ.ಲೀ. ಅಡುಗೆ ಎಣ್ಣೆಯ ತೂಕ ಸುಮಾರು 92 ಗ್ರಾಂ, ಅಷ್ಟೇ ಜೇನುತುಪ್ಪದ್ದು ಸುಮಾರು 140 ಗ್ರಾಂ. ಹೀಗಿರುವಾಗ ಆ ಗುಂಡಿಯನ್ನು ಸೌಲಭ್ಯವೆನ್ನುವುದು ಕಷ್ಟ.

ಸಣ್ಣ ಪ್ರಮಾಣಗಳಲ್ಲಿ ತಕ್ಕಡಿ ಸೋಲುತ್ತದೆ. 1 ಟೀ ಚಮಚ ಅಡುಗೆ ಸೋಡಾ ಸುಮಾರು 5 ಗ್ರಾಂ ತೂಗುವುದರಿಂದ, 1 ಗ್ರಾಂ ಹೆಚ್ಚುಕಡಿಮೆಯೂ ಐದನೆಯ ಒಂದು ಭಾಗದ ತಪ್ಪಾಗುತ್ತದೆ. ಚಿಟಿಕೆಯಂತೆ ನಿಧಾನವಾಗಿ ಉದುರಿಸಿದರಂತೂ ಅಂಕಿ ಕೆಲವೊಮ್ಮೆ ಕದಲುವುದೇ ಇಲ್ಲ. ಸೋಡಾ, ಉಪ್ಪು, ಯೀಸ್ಟ್‌ಗಳಿಗೆ ನಾನು ಇಂದಿಗೂ ಚಮಚವನ್ನೇ ಬಳಸುತ್ತೇನೆ. ಹಿಟ್ಟು ಜರಡಿ ಹಿಡಿಯುವಷ್ಟರಲ್ಲಿ ತಕ್ಕಡಿ ತಾನಾಗಿ ಆರಿಹೋಗಿ, ಸೊನ್ನೆ ಮಾಡಿಟ್ಟದ್ದೆಲ್ಲ ಅಳಿಸಿಹೋಗುವುದು ಇನ್ನೊಂದು ಕಿರಿಕಿರಿ.

ಕೊನೆಗೆ ಪಟ್ಟಿಯನ್ನು ನಾನೇ ಮಾಡಿಕೊಂಡೆ. ನನ್ನ ಕಪ್ಪಿನಲ್ಲಿ ಹಿಡಿಯುವ ನೀರನ್ನು ತೂಗಿ ಅದರ ಗಾತ್ರ ತಿಳಿದುಕೊಂಡು, ಪ್ರತಿಯೊಂದು ಹಿಟ್ಟನ್ನೂ ಒಂದೇ ರೀತಿಯಲ್ಲಿ ಮೂರು ಬಾರಿ ತುಂಬಿ ತೂಗಿ ಸರಾಸರಿ ತೆಗೆದೆ. ಕಂಪನಿಯ ಪಟ್ಟಿಯ ಹಿಂಬದಿ ಖಾಲಿಯಿದ್ದುದರಿಂದ, ಆ ಅಂಕಿಗಳನ್ನು ಅಲ್ಲಿಯೇ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ್ದೇನೆ.