ಉಗಿ ಇಂಜಿನ್ ಬಾಯ್ಲರ್ ಓವರ್‌ಹಾಲ್: ಪ್ಲೇಟ್ ಕೆಲಸ ಚೊಕ್ಕ, ಫಿಟಿಂಗ್ ಕೆಲಸ ಉಡಾಫೆ

ಮೇನ್‌ಲೈನಿನಲ್ಲಿ ಮತ್ತೆ ಓಡಿಸಲೆಂದು ಉಳಿಸಿಕೊಂಡ ಪೆಸಿಫಿಕ್ (4-6-2 ಚಕ್ರಜೋಡಣೆಯ) ಇಂಜಿನ್ ಒಂದರ ಬಾಯ್ಲರ್ ಈ ವರ್ಕ್‌ಶಾಪಿನಲ್ಲಿ ಪೂರ್ತಿ ಓವರ್‌ಹಾಲ್ ಆಗಿ ಬಂದಿದೆ. ಉಕ್ಕಿನ ಶೆಲ್, ತಾಮ್ರದ ಒಳ ಫೈರ್‌ಬಾಕ್ಸ್ (ಬೆಂಕಿ ಉರಿಯುವ ಪೆಟ್ಟಿಗೆ), ಕೆಲಸದ ಒತ್ತಡ ಚದರ ಇಂಚಿಗೆ 250 ಪೌಂಡ್. ವರ್ಕ್‌ಶಾಪಿನ ಹೆಸರು ಇಲ್ಲಿ ಬೇಡ. ಅಂಕ ಮೊದಲೇ ಹೇಳಿಬಿಡುತ್ತೇವೆ: ಪ್ಲೇಟ್ ಮತ್ತು ಸ್ಟೇ (ಒಳ ಫೈರ್‌ಬಾಕ್ಸನ್ನು ಹೊರ ಪ್ಲೇಟಿಗೆ ಬಿಗಿದಿಡುವ ಸರಳು) ಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ಟ್ಯೂಬ್ (ಬೆಂಕಿಯ ಬಿಸಿ ಹೊಗೆ ನೀರಿನ ನಡುವೆ ಹಾಯುವ ಕೊಳವೆ) ಕೆಲಸಕ್ಕೆ ಮೂರು, ಕಾಗದಪತ್ರಕ್ಕೆ ನಾಲ್ಕು, ಗೇಜು, ವಾಲ್ವು, ಪ್ಲಗ್‌ನಂಥ ಫಿಟಿಂಗ್‌ಗಳಿಗೆ ಒಂದೂವರೆ. ಟನ್ನುಗಟ್ಟಲೆ ತೂಗುವುದನ್ನು ಚೆನ್ನಾಗಿ ಮಾಡುವ ಕೈಗಳು ಮುಷ್ಟಿಯಲ್ಲಿ ಹಿಡಿಯುವಂಥದ್ದನ್ನು ಕೊನೆಯ ವಾರಕ್ಕೆ ತಳ್ಳಿವೆ. ಇಂಜಿನ್ ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಇಂಥ ಸಣ್ಣ ಸಾಮಾನಿನಿಂದಲೇ.

ಕೊಟೇಶನ್ ಕೊಟ್ಟ ರೀತಿ ಮೆಚ್ಚುವಂಥದ್ದು. ಟ್ಯೂಬ್ ತೆಗೆಯುವ ಮೊದಲು ಒಟ್ಟು ದರ ಹೇಳಲು ಒಪ್ಪಲಿಲ್ಲ. ಬಿಚ್ಚಿ ಪರೀಕ್ಷಿಸುವುದಕ್ಕೆ ಒಂದು ದರ, ಪರೀಕ್ಷೆಯ ವರದಿ ಬಂದ ಮೇಲೆ ರಿಪೇರಿಗೆ ಇನ್ನೊಂದು. ಟ್ಯೂಬ್ ಒಳಗಿರುವಾಗಲೇ ಇಷ್ಟೇ ಖರ್ಚು ಎಂದು ಕೈ ಕುಲುಕುವವರನ್ನು ನಂಬಬೇಡಿ. ಬ್ಯಾರಲ್‌ನ (ಬಾಯ್ಲರಿನ ಉರುಳೆಯಾಕಾರದ ಭಾಗ) ತಳದಲ್ಲಿ ಎಷ್ಟು ಗುಳಿ ಬಿದ್ದಿದೆ, ಬ್ಯಾರಲ್ ಫೈರ್‌ಬಾಕ್ಸಿಗೆ ಸೇರುವ ಥ್ರೋಟ್ ಪ್ಲೇಟಿನ ಬಾಗಿನಲ್ಲಿ ಎಷ್ಟು ಸವೆದಿದೆ ಅನ್ನುವುದು ಹೊರಗಿಂದ ಯಾರಿಗೂ ಕಾಣದು. ಅಂಥವರು ಒಂದೋ ದರಕ್ಕೆ ಮೊದಲೇ ಗಾಳಿ ತುಂಬಿರುತ್ತಾರೆ, ಇಲ್ಲವೇ ಅರ್ಧ ದಾರಿಯಲ್ಲಿ ಕೆಲಸ ಮೊಟಕು ಮಾಡುತ್ತಾರೆ.

ದಪ್ಪದ ನಕ್ಷೆ ಈ ಸೇವೆಯ ಅತ್ಯುತ್ತಮ ಭಾಗ. ಬ್ಯಾರಲ್ ಮೇಲೆ 300 ಮಿ.ಮೀ. ಚೌಕದ ಜಾಲ ಎಳೆದು ಅಲ್ಟ್ರಾಸಾನಿಕ್ ಗೇಜಿನಿಂದ ಅಳೆದಿದ್ದಾರೆ. ತಳದ ಪಟ್ಟಿ, ಥ್ರೋಟ್ ಪ್ಲೇಟ್, ಫೌಂಡೇಶನ್ ರಿಂಗ್‌ನ (ಒಳ, ಹೊರ ಪ್ಲೇಟುಗಳು ಫೈರ್‌ಬಾಕ್ಸ್ ತಳದಲ್ಲಿ ಸೇರುವ ಚೌಕಟ್ಟು) ಮೇಲಂಚು, ಸ್ಮೋಕ್‌ಬಾಕ್ಸ್ (ಮುಂಭಾಗದ ಹೊಗೆ ಪೆಟ್ಟಿಗೆ) ಕಡೆಯ ಟ್ಯೂಬ್ ಪ್ಲೇಟಿನ (ಟ್ಯೂಬ್ ತುದಿಗಳು ಕೂರುವ ಪ್ಲೇಟು) ಕೆಳಭಾಗ ಈ ನಾಲ್ಕು ಕಡೆ ಜಾಲವನ್ನು 50 ಮಿ.ಮೀ.ಗೆ ಇಳಿಸಿದ್ದಾರೆ. ಮೊದಲ ಮೂರು ಕಡೆ ಕೆಸರು ಕೂರುತ್ತದೆ. ನಾಲ್ಕನೆಯದರಲ್ಲಿ ಕಲ್ಲಿದ್ದಲ ಬೂದಿಯ ಗಂಧಕ, ತೇವ ಸೇರಿ ಆಮ್ಲವಾಗಿ ಲೋಹ ತಿನ್ನುತ್ತದೆ. ಅಳೆಯುವ ಪ್ರತಿ ಚುಕ್ಕೆಯಲ್ಲೂ ಬಣ್ಣ, ತುಕ್ಕು ಉಜ್ಜಿ ಹೊಳೆಯುವ ಲೋಹ ಕಾಣುವಂತೆ ಮಾಡಿದ್ದರು; ಬಣ್ಣದ ಮೇಲೆ ಗೇಜ್ ಇಟ್ಟರೆ ಇಲ್ಲದ ದಪ್ಪ ತೋರಿಸುತ್ತದೆ. ಇನ್ನೊಂದು ಜಾಣತನ: ಈ ಅಳತೆಯನ್ನೇ ನಂಬಿ ಕೂತಿಲ್ಲ. ಲ್ಯಾಪ್ ಜಾಯಿಂಟಿನ ಒಳ ಅಂಚಿನುದ್ದಕ್ಕೂ ಬೀಳುವ ಸಣ್ಣ ಗೀರುಗಾಲುವೆಗಳು ದಪ್ಪದ ಗೇಜಿಗೆ ಸಿಗುವುದಿಲ್ಲ. ಒತ್ತಡ ಏರಿ ಇಳಿದಾಗಲೆಲ್ಲ ಜಾಯಿಂಟ್ ಸ್ವಲ್ಪ ಬಾಗುತ್ತದೆ, ಬಾಗಿದ ಕಡೆ ತುಕ್ಕಿನ ಪದರ ಒಡೆಯುತ್ತದೆ, ಅಲ್ಲಿ ನೀರು ಹೊಸ ಲೋಹ ತಿನ್ನುತ್ತದೆ. ಅದಕ್ಕೇ ಉಕ್ಕಿಗೆ ಮ್ಯಾಗ್ನೆಟಿಕ್ ಪುಡಿ, ತಾಮ್ರಕ್ಕೆ ಡೈ ಹಚ್ಚಿ ಬಿರುಕು ಹುಡುಕಿದ್ದಾರೆ. ಫೈರ್‌ಬಾಕ್ಸ್ ಟ್ಯೂಬ್ ಪ್ಲೇಟಿನಲ್ಲಿ ಎರಡು ತೂತುಗಳ ನಡುವಿನ ಸೇತುವೆಗಳನ್ನು ಒಂದೊಂದಾಗಿ ನೋಡಿ ಫೋಟೊ ಸಮೇತ ವರದಿಗೆ ಸೇರಿಸಿದ್ದಾರೆ.

ಸ್ಟೇ ಕೆಲಸದಲ್ಲಿ ಹಳಬರ ಕೈ ಕಾಣುತ್ತದೆ. ಹಳೆಯ ಸ್ಟೇಗಳನ್ನು ಗ್ಯಾಸ್ ಕಟ್ಟರಿನಿಂದ ಸುಡದೆ ಡ್ರಿಲ್ ಮಾಡಿ ತೆಗೆದಿದ್ದಾರೆ. ಸುಟ್ಟರೆ ತಾಮ್ರದ ಪ್ಲೇಟಿನ ಸ್ಕ್ರೂ ದಾರ (ಥ್ರೆಡ್) ಹಾಳಾಗುತ್ತದೆ, ಮುಂದೆ ಅಲ್ಲಿ ಬುಶ್ ಹಾಕುವುದೊಂದೇ ದಾರಿ. ಮರುದಾರ ಕೊರೆಯುವಾಗ ಉದ್ದನೆಯ ಟ್ಯಾಪ್ ಒಂದೇ ಓಟದಲ್ಲಿ ಹೊರ ಪ್ಲೇಟ್, ಒಳ ಪ್ಲೇಟ್ ಎರಡನ್ನೂ ದಾಟಿದೆ. ಎರಡು ಪ್ಲೇಟುಗಳಿಗೆ ಬೇರೆಬೇರೆಯಾಗಿ ಟ್ಯಾಪ್ ಹಾಕಿದರೆ ದಾರದ ಲಯ ತಪ್ಪುತ್ತದೆ. ಸ್ಟೇ ಒಳಗೆ ಹೋಗುತ್ತದೆ, ಆದರೆ ಹುಟ್ಟುವಾಗಲೇ ಎಳೆತ ಹೊತ್ತುಕೊಂಡಿರುತ್ತದೆ. ತಲೆ ಬಡಿಯಲು ಎರಡು ದಾರದಷ್ಟು ಹೊರಗೆ ಬಿಟ್ಟು, ಇನ್ನೊಂದು ತುದಿಗೆ ಭಾರದ ಡಾಲಿ (ಪೆಟ್ಟು ತಡೆಯುವ ಲೋಹದ ಗಟ್ಟಿ) ಒತ್ತಿ, ಹಗುರವಾದ ಪೆಟ್ಟುಗಳಲ್ಲಿ ಮಡಿಸಿದ್ದಾರೆ. ದೊಡ್ಡ ಸುತ್ತಿಗೆಯಲ್ಲಿ ನಾಲ್ಕೇಟಿಗೆ ಮುಗಿಸಿದ ತಲೆ ನೋಡಲು ಚಂದ, ಒಳಗಿನ ದಾರ ಸಡಿಲ.

ಯಾವ ಸ್ಟೇ ಬದಲಾಯಿತು, ಯಾವ ಅಳತೆ, ಯಾವ ಲೋಹ ಎಂದು ಬಣ್ಣದಲ್ಲಿ ಗುರುತಿಸಿದ ಚಾರ್ಟ್ ಕೊಟ್ಟಿದ್ದಾರೆ. ಇದು ಮುಂದಿನ ಓವರ್‌ಹಾಲ್‌ವರೆಗೂ ಬೇಕಾಗುವ ಕಾಗದ. ತಾಮ್ರ ಉಕ್ಕಿಗಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಸಾಲದ್ದಕ್ಕೆ ಬೆಂಕಿಯ ಕಡೆ ಇರುವುದೂ ಅದೇ. ಒಳ ಪೆಟ್ಟಿಗೆ ಮೇಲೆ ಮೇಲೆ ಬೆಳೆಯುತ್ತದೆ, ಪಕ್ಕದ ಮೇಲಿನ ಸಾಲುಗಳ, ಮೂಲೆಗಳ ಸ್ಟೇ ಪ್ರತಿ ಬಾರಿ ಬೆಂಕಿ ಹಾಕಿದಾಗಲೂ ಬಾಗುತ್ತದೆ. ಚಾರ್ಟಿನಲ್ಲಿ ಬಣ್ಣ ದಟ್ಟವಾಗಿರುವುದೂ ಅಲ್ಲೇ. ತಣ್ಣಗಿನ ಬಾಯ್ಲರನ್ನು ನಾಲ್ಕು ತಾಸಿನಲ್ಲಿ ಒತ್ತಡಕ್ಕೆ ತರುವ ಆತುರಗಾರರು ಈ ಚಾರ್ಟನ್ನು ಶೆಡ್ಡಿನ ಗೋಡೆಗೆ ಅಂಟಿಸಿಕೊಳ್ಳಬೇಕು.

ಅರ್ಧ ಅಂಕ ಕಳೆದದ್ದು ಬಣ್ಣಕ್ಕೆ. ಹೊಸ ಸ್ಟೇಗಳ ಹೊರತುದಿಯಲ್ಲಿ ಸುಮಾರು 5 ಮಿ.ಮೀ. ವ್ಯಾಸದ ಸೂಚಕ ತೂತು ಇರುತ್ತದೆ. ಪ್ಲೇಟಿನ ದಪ್ಪ ದಾಟಿ ಒಳಕ್ಕೆ ಹೋಗಿರಬೇಕು. ಸ್ಟೇ ಮುರಿದರೆ ಆ ತೂತಿನಿಂದ ಉಗಿ ಸಿಳ್ಳೆ ಹಾಕುತ್ತದೆ, ಅದರ ಕೆಲಸವೇ ಅಷ್ಟು. ಇಲ್ಲಿ ಶೆಲ್‌ಗೆ ಶಾಖ ತಡೆಯುವ ಬಣ್ಣ ಹೊಡೆಯುವ ಭರದಲ್ಲಿ ಸಾಲಿಗೆ ಸಾಲೇ ಮುಚ್ಚಿಹೋಗಿದೆ. ಹೊರಗಿಂದ ನೀಟಾಗಿ ಕಾಣುವ ಆ ಬಣ್ಣದ ಹನಿ ಮುರಿದ ಸ್ಟೇಯ ಬಾಯಿ ಕಟ್ಟುತ್ತದೆ. ಒಂದೊಂದನ್ನೂ ಡ್ರಿಲ್ ಬಿಟ್ ಕೈಯಲ್ಲಿ ತಿರುಗಿಸಿ ಬಿಡಿಸಬೇಕಾಯಿತು. ಬಣ್ಣ ಹೊಡೆಯುವ ಮೊದಲು ತೂತಿಗೆ ಕಡ್ಡಿ ಚುಚ್ಚಿಟ್ಟಿದ್ದರೆ ಮುಗಿಯುತ್ತಿತ್ತು.

ಟ್ಯೂಬ್‌ಗಳ ವಿಷಯ ಮಿಶ್ರ. ಫೈರ್‌ಬಾಕ್ಸ್ ಕಡೆ ತುದಿ ಕಿರಿದು ಮಾಡಿ ಕೂರಿಸಿದ್ದು ಅಚ್ಚುಕಟ್ಟು. ರೋಲ್ ಮಾಡುವಾಗ (ಟ್ಯೂಬ್ ತುದಿಯನ್ನು ಒಳಗಿಂದ ಹಿಗ್ಗಿಸಿ ತೂತಿಗೆ ಕಚ್ಚಿಸುವಾಗ) ನಡುವಿನಿಂದ ಹೊರಕ್ಕೆ ಹೋಗಿದ್ದಾರೆ; ಒಂದು ಬದಿಯಿಂದ ಸಾಲು ಹಿಡಿದು ಹೊರಟರೆ ಪ್ಲೇಟನ್ನೇ ಪಕ್ಕಕ್ಕೆ ತಳ್ಳಿದಂತಾಗುತ್ತದೆ. ತಪ್ಪಿರುವುದು ಸ್ಮೋಕ್‌ಬಾಕ್ಸ್ ಕಡೆ, ಕೆಳಗಿನ ಮೂಲೆಯ ಕೆಲವು ಟ್ಯೂಬ್‌ಗಳಲ್ಲಿ. ಅತಿಯಾಗಿ ರೋಲ್ ಆಗಿವೆ. ಒಳಗೆ ಬೆರಳಾಡಿಸಿದರೆ ರೋಲರ್ ನಿಂತ ಜಾಗದಲ್ಲಿ ಮೆಟ್ಟಿಲಿನಂತೆ ತಾಗುತ್ತದೆ. ಟ್ಯೂಬ್ ಗೋಡೆ 3 ಮಿ.ಮೀ. ಇದ್ದರೆ, ತೂತಿನ ಗೋಡೆಗೆ ತಾಗಿದ ಮೇಲೆ ಒಳ ವ್ಯಾಸ 0.3ರಿಂದ 0.5 ಮಿ.ಮೀ. ಹಿಗ್ಗಿದರೆ ಸಾಕು. ಅಂದರೆ ಗೋಡೆ ನೂರಕ್ಕೆ 5ರಿಂದ 8ರಷ್ಟು ತೆಳುವಾದಂತೆ. ಇದರ ದುಪ್ಪಟ್ಟು ಹಿಂಡಿದರೆ ಲೋಹ ಗಡುಸಾಗಿ ಹಿಡಿತ ಬಿಡುತ್ತದೆ. ಸೋರಿತೆಂದು ಮತ್ತೆ ರೋಲ್ ಮಾಡಿದರೆ ಇನ್ನಷ್ಟು ಸೋರುತ್ತದೆ. ಈ ಮೂಲೆಯ ತೂತುಗಳು ಸವೆದು ಅಂಡಾಕಾರವಾಗಿದ್ದವು, ಅದು ಅವರದೇ ವರದಿಯಲ್ಲಿದೆ. ರೀಮರ್ ಹಾಕಿ ದುಂಡಗೆ ಮಾಡದೆ ಟ್ಯೂಬನ್ನೇ ಹಿಗ್ಗಿಸಿ ಅಂಡ ತುಂಬಿಸಿದ್ದಾರೆ. ದೂರಿದ ಮೇಲೆ ಆ ಟ್ಯೂಬ್‌ಗಳನ್ನು ತಮ್ಮ ಖರ್ಚಿನಲ್ಲೇ ಬದಲಿಸಿಕೊಟ್ಟರು ಅನ್ನುವುದನ್ನೂ ಹೇಳಬೇಕು.

ಹೈಡ್ರಾಲಿಕ್ ಟೆಸ್ಟ್ ನಿಯಮದಂತೆ ನಡೆದಿದೆ. ಬ್ರಿಟನ್ನಿನ ರೂಢಿಯಂತೆ ಕೆಲಸದ ಒತ್ತಡದ ಒಂದೂವರೆ ಪಟ್ಟು, ಅಂದರೆ 375 ಪೌಂಡ್. ಅಮೆರಿಕದ ಫೆಡರಲ್ ನಿಯಮದಲ್ಲಿ ಒಂದೂಕಾಲು ಪಟ್ಟು ಸಾಕು. ಬಾಯ್ಲರ್ ನೆತ್ತಿಯ ಡೋಮಿನಿಂದ ಗಾಳಿ ಪೂರ್ತಿ ಬಿಟ್ಟು, ಬೆಚ್ಚಗಿನ ನೀರು ತುಂಬಿ, ಎರಡು ಬೇರೆ ಗೇಜ್ ಹಾಕಿ ನಿಲ್ಲಿಸಿದ್ದಾರೆ. ಸೂಪರ್‌ಹೀಟರ್ ಎಲಿಮೆಂಟ್‌ಗಳನ್ನು (ಉಗಿಯನ್ನು ಇನ್ನಷ್ಟು ಕಾಯಿಸುವ ಕೊಳವೆಗಳು) ಮಾತ್ರ ಬೇರೆಯಾಗಿ ಪರೀಕ್ಷಿಸಲಿಲ್ಲ, ಅದು ಒಪ್ಪಂದದಲ್ಲೇ ಇರಲಿಲ್ಲ. ರೆಗ್ಯುಲೇಟರ್ (ಉಗಿ ಬಿಡುವ ವಾಲ್ವ್) ಮುಚ್ಚಿದ್ದರೆ ಬಾಯ್ಲರಿನ ಟೆಸ್ಟ್ ನೀರು ಎಲಿಮೆಂಟಿನತ್ತ ಸುಳಿಯುವುದೇ ಇಲ್ಲ. ಹೆಡರ್ (ಎಲಿಮೆಂಟ್‌ಗಳಿಗೆ ಉಗಿ ಹಂಚುವ ಪೆಟ್ಟಿಗೆ) ಜೊತೆ ಸೇರುವ ಎಲಿಮೆಂಟಿನ ಗುಂಡು ಮೂತಿ ಸರಿಯಾಗಿ ಉಜ್ಜಿ ಕೂರದಿದ್ದರೆ, ಓಡುವಾಗ ಸ್ಮೋಕ್‌ಬಾಕ್ಸಿನೊಳಗೆ ಉಗಿ ಚಿಮ್ಮಿ ಬೆಂಕಿಗೆ ಗಾಳಿ ಎಳೆಯುವ ನಿರ್ವಾತ ಕೆಡುತ್ತದೆ. ಬೆಂಕಿ ಮಂಕಾಗುತ್ತದೆ, ಫೈರ್‌ಮನ್ ಬೈಸಿಕೊಳ್ಳುತ್ತಾನೆ. ಎಲಿಮೆಂಟ್ ಟೆಸ್ಟ್ ಬೇಕೆಂದು ಆರ್ಡರಿನಲ್ಲೇ ಬರೆಸಿ.

ಈಗ ಒಂದೂವರೆ ಅಂಕದ ಭಾಗ, ಅಂದರೆ ಫಿಟಿಂಗ್‌ಗಳು. 1995ರ ಜೂನಿನಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಬಳಿ 1278 ಸಂಖ್ಯೆಯ ಇಂಜಿನ್‌ನ ಫೈರ್‌ಬಾಕ್ಸ್ ಮಾಳಿಗೆ ನೀರು ಕಡಿಮೆಯಾಗಿ ಕುಸಿಯಿತು, ಕ್ಯಾಬಿನಲ್ಲಿದ್ದ ಮೂವರು ಸುಟ್ಟುಕೊಂಡರು. ತನಿಖೆಯಲ್ಲಿ ಎದ್ದು ಕಂಡದ್ದು ನೀರಿನ ಗೇಜಿನ ದಾರಿ ಕಟ್ಟಿಕೊಂಡಿದ್ದದ್ದು, ಒಟ್ಟಾರೆ ನಿಗಾ ಇಲ್ಲದ್ದು. ಆ ಘಟನೆಯ ನಂತರವೇ ಅಲ್ಲಿನ ಉಗಿ ಇಂಜಿನ್ ನಿಯಮಗಳನ್ನು ಹೊಸದಾಗಿ ಬರೆದರು. ಈಗ 1472 ಸೇವಾ ದಿನ ಅಥವಾ 15 ವರ್ಷ, ಯಾವುದು ಮೊದಲೋ ಆಗ, ಬಾಯ್ಲರ್ ಪೂರ್ತಿ ಬಿಚ್ಚಬೇಕು. ಇಷ್ಟೆಲ್ಲ ಗೊತ್ತಿರುವ ಕಾಲದಲ್ಲೂ ಈ ವರ್ಕ್‌ಶಾಪ್ ಕಳಿಸಿದ ಗೇಜ್ ಫ್ರೇಮ್ (ನೀರಿನ ಮಟ್ಟ ತೋರಿಸುವ ಗಾಜಿನ ಚೌಕಟ್ಟು) ಒಂದರಲ್ಲಿ ಗಾಜು ಗಿಡ್ಡಕ್ಕೆ ಕತ್ತರಿಸಿತ್ತು. ಗಾಜು ಗಿಡ್ಡವಾದರೆ ಪ್ಯಾಕಿಂಗ್ ರಬ್ಬರ್ ರಿಂಗ್ ನಟ್ ಬಿಗಿದಾಗ ಗಾಜಿನ ತುದಿ ದಾಟಿ ಒಳಕ್ಕೆ ಉಬ್ಬುತ್ತದೆ, ಕೆಳಗಿನ ದಾರಿಗೆ ತುಟಿಯಂತೆ ಮುಚ್ಚಿಕೊಳ್ಳುತ್ತದೆ. ಗಾಜಿನಲ್ಲಿ ನೀರು ಕಾಣುತ್ತದೆ, ಆದರೆ ಅಲುಗುವುದಿಲ್ಲ. ಎರಡೂ ಗಾಜಿನ ಮಟ್ಟ ಬೇರೆಬೇರೆ ತೋರಿದರೆ, ಇಲ್ಲವೇ ಡ್ರೇನ್ ಕಾಕ್ ಬಿಟ್ಟು ಮುಚ್ಚಿದ ಮೇಲೆ ನೀರು ಥಟ್ಟನೆ ಮೇಲೇರದೆ ತೆವಳಿಕೊಂಡು ಬಂದರೆ ಮೊದಲು ಈ ರಿಂಗನ್ನೇ ಸಂಶಯಿಸಿ. ಗಾಜು ಹಾಕುವ ಮೊದಲು ಮೇಲಿನ, ಕೆಳಗಿನ ಎರಡೂ ಕಾಕ್‌ಗಳ ಮೂಲಕ ಬಾಯ್ಲರ್ ಒಳಗಿನವರೆಗೆ ತಂತಿ ಹೋಗುತ್ತದೆಯೇ ಎಂದೂ ನೋಡಬೇಕು. ಗಾಜಿನಲ್ಲಿ ಕಾಣುವ ತೀರಾ ಕೆಳಗಿನ ಬಿಂದು ಫೈರ್‌ಬಾಕ್ಸ್ ಮಾಳಿಗೆಯ ಅತಿ ಎತ್ತರದ ಜಾಗಕ್ಕಿಂತ ಮೇಲಿದೆಯೇ ಅನ್ನುವುದನ್ನು ಬಾಯ್ಲರ್ ಫ್ರೇಮಿನ ಮೇಲೆ ಕೂತ ನಂತರ ಲೆವೆಲ್ ಹಿಡಿದು ಇನ್ನೊಮ್ಮೆ ಅಳೆಯಿರಿ.

ವಾಷೌಟ್ ಪ್ಲಗ್‌ಗಳು (ಬಾಯ್ಲರ್ ತೊಳೆಯುವ ತೂತುಗಳ ಮುಚ್ಚಳ) ಒಂದೇ ಗೋಣಿಚೀಲದಲ್ಲಿ ಬಂದವು. ಬಿಚ್ಚುವಾಗ ನಂಬರ್ ಹೊಡೆದಿದ್ದಾರೆ, ಆದರೆ ತೂತುಗಳಿಗೆ ಹೊಡೆದಿಲ್ಲ! ಟೇಪರ್ ದಾರದ ಪ್ಲಗ್ ತನ್ನ ತೂತಿನಲ್ಲಷ್ಟೇ ಸರಿಯಾಗಿ ಕೂರುವುದು. ಕೈಯಲ್ಲೇ ನಾಲ್ಕೈದು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯಬೇಕು. ಎರಡೇ ಸುತ್ತಿಗೆ ಸ್ಪ್ಯಾನರ್ ಬೇಡುವ ಪ್ಲಗ್ ಬೇರೆ ತೂತಿನದು, ಅಥವಾ ದಾರ ಅಡ್ಡ ಹತ್ತಿದೆ. ಬಿಸಿ ಬಾಯ್ಲರಿನಲ್ಲಿ ಅದನ್ನು ಮುಟ್ಟಲೇಬಾರದು. ಕ್ಲ್ಯಾಕ್ ವಾಲ್ವ್ (ಬಾಯ್ಲರಿನ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್) ಸೀಟುಗಳಿಗೂ ಉಜ್ಜಿದ ಗುರುತಿಲ್ಲ. ಸೇಫ್ಟಿ ವಾಲ್ವ್ ಮಾತ್ರ ಚೆನ್ನಾಗಿದೆ, 250ಕ್ಕೆ ಸರಿಯಾಗಿ ಹಾರಿತು.

ಕೂರಿಸುವವರಿಗೆ ಒಂದು ಮಾತು. 250 ಪೌಂಡ್ ಒತ್ತಡದಲ್ಲಿ ಬಾಯ್ಲರಿನ ನೀರು ಸುಮಾರು 208 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 9 ಮೀಟರ್ ಉದ್ದದ ಉಕ್ಕು ಆ ಶಾಖಕ್ಕೆ ಹತ್ತಿರ ಹತ್ತಿರ 20 ಮಿ.ಮೀ. ಹಿಗ್ಗುತ್ತದೆ. ಮುಂದೆ ಸ್ಮೋಕ್‌ಬಾಕ್ಸ್ ಸ್ಯಾಡಲ್‌ಗೆ ಬಿಗಿದಿರುವುದರಿಂದ ಅಷ್ಟೂ ಹಿಂದಕ್ಕೆ, ಕ್ಯಾಬಿನ ಕಡೆಗೆ ಸರಿಯಬೇಕು. ಈ ಬಾಯ್ಲರಿನ ಎಕ್ಸ್‌ಪ್ಯಾನ್ಶನ್ ಬ್ರಾಕೆಟ್‌ಗಳ ಜಾರುವ ಮುಖಗಳಿಗೂ ಅದೇ ದಪ್ಪ ಬಣ್ಣ ಬಳಿದು ಕಳಿಸಿದ್ದರು. ಅದನ್ನು ಕೆರೆದು, ಗ್ರೀಸ್ ಹಚ್ಚಿ, ಸಂದು ಫೀಲರ್ ಗೇಜಿನಿಂದ ನೋಡದೆ ಕೂರಿಸಿದರೆ ಬ್ರಾಕೆಟ್ ಹಿಡಿದುಕೊಳ್ಳುತ್ತದೆ, ಆ ತಳ್ಳು ಫೌಂಡೇಶನ್ ರಿಂಗ್‌ನ ಮೂಲೆ ರಿವೆಟ್‌ಗಳ ಮೇಲೆ ಬೀಳುತ್ತದೆ. ಫ್ರೇಮಿಗೆ ಗಟ್ಟಿಯಾಗಿ ಕ್ಲಿಪ್ ಮಾಡಿದ ಇಂಜೆಕ್ಟರ್ (ಬಾಯ್ಲರಿಗೆ ನೀರು ನೂಕುವ ಸಾಧನ) ಪೈಪುಗಳು ಸೀಳುವುದೂ ಇದರಿಂದಲೇ. ಬ್ರಾಕೆಟ್ ಪಕ್ಕ ಫ್ರೇಮಿನ ಮೇಲೊಂದು ಸೀಮೆಸುಣ್ಣದ ಗೆರೆ ಎಳೆದು ಮೊದಲ ಬೆಂಕಿ ಹಾಕಿ. ಒತ್ತಡ ಏರಿದ ಮೇಲೆ ಗೆರೆ ಎಷ್ಟು ದೂರವಾಯಿತು ಅನ್ನುವುದೇ ಉತ್ತರ.

ಮೊದಲ ಬೆಂಕಿಗೆ ಪೂರ್ತಿ ಒಂದು ದಿನ ಕೊಡಿ. ಕೆಲವು ಟ್ಯೂಬ್ ತುದಿ, ಸ್ಟೇ ತಲೆ ಬೆವರುತ್ತವೆ, ಬಿಸಿ ಸಮವಾದಂತೆ ಹೆಚ್ಚಿನವು ತಾವೇ ಮುಚ್ಚಿಕೊಳ್ಳುತ್ತವೆ. ಬೆವರಿನ ಜಾಗಕ್ಕೆ ಗುರುತು ಹಾಕಿ, ಬಿಸಿಯಿರುವಾಗ ಸುತ್ತಿಗೆ, ಎಕ್ಸ್‌ಪ್ಯಾಂಡರ್ ಹಿಡಿಯಬೇಡಿ. ಉಗಿ ಟೆಸ್ಟ್ ಮುಗಿದು ಒಂದೆರಡು ಸಲ ಆರಿಸಿ ಹೊತ್ತಿಸುವವರೆಗೆ ಲ್ಯಾಗಿಂಗ್ (ಶಾಖ ಉಳಿಸುವ ಹೊದಿಕೆ) ಹೊದಿಸಲೂಬೇಡಿ; ಹೊದಿಕೆಯೊಳಗೆ ಸೋರಿದ ನೀರು ಶೆಲ್ ಹೊರಮೈಯನ್ನು ಸದ್ದಿಲ್ಲದೆ ತಿನ್ನುತ್ತದೆ.

ಪ್ಲೇಟ್, ಸ್ಟೇ ಕೆಲಸಕ್ಕಾದರೆ ಈ ವರ್ಕ್‌ಶಾಪಿಗೆ ಇನ್ನೊಂದು ಬಾಯ್ಲರ್ ಕಳಿಸಲು ಹಿಂಜರಿಕೆಯಿಲ್ಲ. ಗೇಜ್ ಫ್ರೇಮ್, ಕ್ಲ್ಯಾಕ್, ಇಂಜೆಕ್ಟರ್, ಪ್ಲಗ್ ಎಲ್ಲವನ್ನೂ ಮೊದಲೇ ಬಿಚ್ಚಿ ನಂಬರ್ ಹೊಡೆದು ನಿಮ್ಮ ಶೆಡ್ಡಿನಲ್ಲೇ ಇಟ್ಟುಕೊಳ್ಳಿ, ತೂತುಗಳಿಗೂ ಅದೇ ನಂಬರ್ ಪಂಚ್ ಹೊಡೆಯಿರಿ. ಬಣ್ಣ ಬಳಿಯದೆ ಕಳಿಸಿ ಎಂದು ಆರ್ಡರಿನ ಮೊದಲ ಸಾಲಿನಲ್ಲೇ ಬರೆಯಿರಿ.